ಸಡಲು

ವಾಚು ಕೆಟ್ಟಿಲ್ಲ. ಸರಪಳಿ ಸಡಲಾಗೇತಿ.
ಕೈ ಎತ್ತಿದರ ಮೊಣಕೈ ಕಡೆ ಜಾರತೈತಿ,
ಇಳಿಸಿದರ ಅಂಗೈಗೆ ಬಂದು ಕೂಡತೈತಿ,
ನಡುವ ಒಂದೊಂದು ಕೂದಲಾ ಹಿಡದು ಜಗ್ಗತೈತಿ.

ಟಾಂಗಾಕೂಟದ ಅಂಗಡ್ಯಾಂವ ಬೆರಳಿಗೆ ಹಾಕಿ ತೂಗಿ ನೋಡಿದ.
"ಒಗೀರಿ ಕಾಕಾ, ಇನ್ನೂರೈವತ್ತಕ್ಕ ಹೊಸಾದು ಹಾಕತೀನಿ."
ಹೊಸಾದು ಹಗುರ ಇತ್ತು, ಎಣ್ಣಿಡಬ್ಬಿಯ ತಗಡಿನಂಗ.
ನಾ ಒಗೀಲಿಲ್ಲ.

ಟಪಾಲಿನ್ಯಾಗ ಸಾಮಾನು ತರಿಸಿದೆ:
ಮೊಳೆ ದೂಡೋ ಸಣ್ಣ ತಿರುಪು,
ಕಣ್ಣಿಗೆ ಕಚ್ಚಿಸೋ ಭೂತಗನ್ನಡಿ,
ಹಿತ್ತಾಳಿ ಮೂತಿಯ ಸುತಗಿ,
ಮೂಗುತಿಯ ತಿರುಪಿನಷ್ಟ ಸಣ್ಣ ಡ್ರಿಲ್ ಕಡ್ಡಿ,
ಸೂಜಿಗಿಂತ ತುಸು ದಪ್ಪ, ಒಂದು ಗೇಣು ಉಕ್ಕಿನ ಕೊಳವಿ.
ಕಾಶವ್ವ ಬಿಲ್ಲು ಓದಿದಳು.
"ಈ ರೊಕ್ಕದಾಗ ಎರಡು ವಾಚು ಬರತಿದ್ವು."
ಬರತಿದ್ವು. ಖರೇ.

ರವಿವಾರ, ಬೆಟಗೇರಿ ಮನಿಯ ಕಟ್ಟಿಮ್ಯಾಲೆ
ಬಿಳೇ ಪಂಜೆ ಹಾಸಿದೆ, ಬಿದ್ದದ್ದು ಕಾಣಲಿ ಅಂತ.
ಕೊಂಡಿಯ ಒಳಮೈಗೆ ಹೇನಿನಷ್ಟು ಬಾಣದ ಗುರುತು:
ಈ ಕಡೆಯಿಂದ ದೂಡು, ಆ ಕಡೆಗೆ ಬರತೈತಿ.
ಬಂತು. ಮತ್ತೊಂದು ಬಂತು.
ಒಂದು ಸಿಡಿದು ಎತ್ತಾಗೋ ಹೋತು,
ಅಕ್ಕಿ ಆರಿಸೋ ಕಣ್ಣು ಅದನ್ನ ಹೊಸ್ತಿಲ ಸಂದಿಯಾಗ ಹಿಡೀತು.
ಒಟ್ಟು ಇಪ್ಪತ್ತೆರಡು ಮೊಳೆ.

ಮೊಳೆ.
ಬಾಯಾಗ ಶಬ್ದ ಬಂದ ಕೂಡಲೆ
ಬೆರಳಿಗೆ ನೆನಪಾತು.

ಇಪ್ಪತ್ತೊಂಬತ್ತು ವರ್ಷ ನಾ ಮೊಳೆ ಜೋಡಿಸಿದಾಂವ.
ಸೀಸದ ಮೊಳೆ, ತಲಿಮ್ಯಾಲೆ ಉಲ್ಟಾ ಅಕ್ಷರ.
ಸೂಡಿಯವರ ಛಾಪಖಾನೆಯಾಗ
ಎಡಗೈಯಾಗ ಸ್ಟಿಕ್ಕು, ಬಲಗೈ ಖಾನೆಯಿಂದ ಖಾನೆಗೆ.
ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ,
ಕಳದುಹೋದ ಎಮ್ಮಿಯ ಹ್ಯಾಂಡಬಿಲ್ಲು,
ಯಾರದೋ ದಿವಸದ ಕಾರ್ಡು.
'ಸ್ತ್ರೀ' ಅನ್ನಾಕ ಒತ್ತು ಸಾಲದ ದಿನ
ಮಾಲಕರು 'ಮಹಿಳೆ' ಅಂತ ತಿದ್ದಿ ಕೊಟ್ಟರು.
ಆಮ್ಯಾಲೆ ಆಫ್‌ಸೆಟ್ ಬಂತು,
ಮೊಳೆಯೆಲ್ಲಾ ಕಿಲೋ ಲೆಕ್ಕದಾಗ ಹೋದ್ವು.
'ಕ' ಎಷ್ಟು, 'ಳ' ಎಷ್ಟು, ತಕ್ಕಡಿ ಕೇಳಲಿಲ್ಲ.

ಈಗ ಭೂತಗನ್ನಡಿಯಾಗ ನೋಡತೀನಿ:
ಕೊಂಡಿಯ ತೂತು ಗುಂಡಗ ಉಳಿದಿಲ್ಲ.
ಬೇವಿನಬೀಜದಂಗ ಉದ್ದಕ ಸವದಾವ,
ಎಲ್ಲಾ ಒಂದ ಮಗ್ಗಲಿಗೆ.
ಯಾಕಂತ ಎದ್ದು ನಿಂತೆ. ಎಡಗೈ ಮಡಚಿದೆ,
ಅಂಗೈ ಮ್ಯಾಲೆ, ಹೆಬ್ಬೆರಳು ಒಳಗ,
ಇಲ್ಲದ ಸ್ಟಿಕ್ಕು ಹಿಡದೆ.
ವಾಚು ಇದ್ದಿದ್ದರ ಅದ ಮಗ್ಗಲಿಗೆ ಜೋತು ಬೀಳತಿತ್ತು,
ಅಕ್ಷರಕ್ಕೊಮ್ಮೆ ಒಂದು ಸಣ್ಣ ಏಟು.

ಸಬಕಾರದ ಬಿಸಿನೀರಾಗ ಕೊಂಡಿ ನೆನಸಿದರ
ಕರೀನೀರು ಬಂತು.
ಬೆವರೋ ಶಾಯಿಯೋ, ಮೂಸಿ ನೋಡಿದೆ.
ಚಿಮಣಿ ಎಣ್ಣಿಯ ವಾಸನಿ ಇತ್ತು,
ಇಲ್ಲಾ, ಇರಲಿ ಅಂತ ನನಗ ಅನಿಸಿತ್ತು.

ತೂತನ್ನ ಮತ್ತ ಗುಂಡಗ ಕೊರದೆ.
ಕೊಳವಿ ಅಕ್ಕಿಕಾಳಿನಷ್ಟ ತುಂಡು ಮಾಡಿ ಒಳಗ ಕೂಡಿಸಿದೆ.
ಹೊಸ ಮೊಳೆ, ಬಾಣದ ಎದುರಿಗೆ, ಹಿತ್ತಾಳಿ ಸುತಗಿಯ ಮೆತ್ತನ ಏಟು.
ತುದಿ ಉಜ್ಜಿ, ಉಗುರು ಆಡಿಸಿದೆ. ತೊಡಕಲಿಲ್ಲ.
ಮೂರು ರವಿವಾರ ಹಿಡೀತು.
ನಡುವ ಒಂದು ಡ್ರಿಲ್ ಕಡ್ಡಿ ಮುರೀತು,
ಅದರ ಮಾತು ಬ್ಯಾಡ.

ಈಗ ಸರಪಳಿ ಅಡ್ಡ ಹಿಡದರ ಬಾಗಂಗಿಲ್ಲ,
ಪಾಸಾದ ಪ್ರೂಫಿನಂಗ ಸಾಲು ನೆಟ್ಟಗ ನಿಲ್ಲತೈತಿ.
ಕಟಗೊಂಡು ಸಂಜೀಕ ಮಿರ್ಚಿ ತರಾಕ ಹೋದೆ.
ತಿರುಗಿ ಬಂದು ಚಿಲಕಕ್ಕ ಕೈ ಹಾಕಿದೆ.

"ಯಾರದು?"
ಒಳಗಿಂದ ಕಾಶವ್ವನ ದನಿ, ಹೆದರಿದ ದನಿ.

ಇಷ್ಟು ವರ್ಷ ನನ್ನ ಕೈಗಿಂತ ಮೊದಲ
ಸರಪಳಿಯ ಸಪ್ಪಳ ಚಿಲಕ ಮುಟ್ಟತಿತ್ತಂತ.
ನನಗ ಗೊತ್ತಿರಲಿಲ್ಲ.
ಅಕಿ ಅದನ್ನ ಕೇಳಿ ಚಾದ ನೀರು ಇಡತಿದ್ದಳಂತ.

"ಭಾಳ ಚಲೋ ಆಗೇತಿ ಬಿಡ್ರಿ" ಅಂದಳು
ವಾಚು ನೋಡದನ.

ಹಳೇ ಮೊಳೆ ಸುಣ್ಣದ ಡಬ್ಬಿಯಾಗ ಇಟ್ಟೀನಿ.
ಅಲ್ಲಾಡಿಸಿದರ ಅದ ಸಪ್ಪಳ, ಹೆಚ್ಚುಕಮ್ಮಿ.
ಆದರ ಡಬ್ಬಿ ಹಿಡಕೊಂಡು ಬಜಾರಕ್ಕ ಹೋಗಾಕ ಆಕ್ಕೈತೇನು?

ಈಗ ಬಾಗಿಲದಾಗ ನಿಂತು ಕೆಮ್ಮತೀನಿ.